ನಲವತ್ತರ ನಂತರ ರಿಕಾಪಿಗೆ ಕಾಲಿಟ್ಟಾಗ

(ವಯಸ್ಕರಾದ ಮೇಲೆ ಕುದುರೆ ಸವಾರಿ ಕಲಿಯಲು ಹೊರಟವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸವಾರಿ ಶಾಲೆಯೊಂದಕ್ಕೆ ನಾನು ಮೊದಲ ಸಲ ಕಾಲಿಟ್ಟಾಗ ನನಗೆ ನಲವತ್ತನಾಲ್ಕು ವರ್ಷ. ಅದಕ್ಕೆ ಮೊದಲು ನನಗೂ ಕುದುರೆಗೂ ಇದ್ದ ಸಂಬಂಧವೆಂದರೆ, ಮೈಸೂರಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ದಸರಾ ಮೆರವಣಿಗೆಯಲ್ಲಿ ಪೊಲೀಸರ ಅಶ್ವಾರೋಹಿ ದಳ ಸಾಗುವುದನ್ನು ನೋಡಿದ್ದು ಅಷ್ಟೆ. ಬೆಂಗಳೂರಿನ ಹೊರವಲಯದ ಆ ಶಾಲೆಯಲ್ಲಿ ಭಾನುವಾರ ಬೆಳಿಗ್ಗೆ ಆರೂವರೆಗೆ ನನ್ನೊಡನೆ ಸಾಲಿನಲ್ಲಿ ನಿಂತಿದ್ದವರು ಎಂಟು ಹತ್ತು ವರ್ಷದ ಮಕ್ಕಳು. ಅವರು ಒಬ್ಬೊಬ್ಬರಾಗಿ ಹತ್ತಿ ಕುಳಿತರು. ನಾನು ಹತ್ತುಕಟ್ಟೆಯ ಮೇಲೆ ನಿಂತು, ಎಡಗಾಲನ್ನು ರಿಕಾಪಿನಲ್ಲಿ, ಅಂದರೆ ಜೀನಿನಿಂದ ಜೋತುಬಿದ್ದಿರುವ ಕಾಲೂರುವ ಬಳೆಯಲ್ಲಿ ಇಟ್ಟು, ಬಲಗಾಲನ್ನು ಕಟ್ಟೆಯಿಂದ ಬಿಡಿಸಲಾರದೆ ಬಹಳ ಹೊತ್ತು ಹಾಗೆಯೇ ನಿಂತಿದ್ದೆ. ಆ ಹೊತ್ತಿನಲ್ಲಿ ನನಗೆ ಬಂದ ಸಲಹೆ ಒಂದೇ: ‘ಹೆದರ್ಬೇಡಿ ಮೇಡಂ.’ ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿನಿಂದ ನನ್ನ ಬಲಗಾಲಿಗೆ ಏನೂ ಸಹಾಯವಾಗಲಿಲ್ಲ. ಏಕೆ ಆಗಲಿಲ್ಲ, ಯಾವುದರಿಂದ ಸಹಾಯವಾಯಿತು ಎಂಬುದನ್ನು ಒಂಬತ್ತು ವರ್ಷಗಳ ಸವಾರಿಯ ನಂತರ, ವಾರಾಂತ್ಯಗಳಲ್ಲಿ ನನ್ನ ವಯಸ್ಸಿನ ಹೊಸಬರ ಜೊತೆ ಅಖಾಡದಲ್ಲಿ ನಿಂತ ಅನುಭವದ ಮೇಲೆ ನಿಮ್ಮ ಮುಂದೆ ಇಡಬೇಕೆಂದುಕೊಂಡಿದ್ದೇನೆ.

ಮೊದಲಿಗೆ ಆ ಭಯವನ್ನು ಗೌರವದಿಂದ ನೋಡೋಣ. ಸವಾರಿ ಶಾಲೆಗಳಲ್ಲಿ ಕುದುರೆಯ ಎತ್ತರವನ್ನು ‘ಹ್ಯಾಂಡ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಎಂದರೆ ನಾಲ್ಕು ಅಂಗುಲ. ಹದಿನಾರು ಹ್ಯಾಂಡಿನ ಕುದುರೆಯ ಹೆಗಲು ನೆಲದಿಂದ ಐದು ಅಡಿ ನಾಲ್ಕು ಅಂಗುಲ ಎತ್ತರದಲ್ಲಿರುತ್ತದೆ. ಅದರ ಮೇಲೆ ಕುಳಿತವರ ಕಣ್ಣು ಸುಮಾರು ಎಂಟು ಅಡಿ ಎತ್ತರದಿಂದ ನೆಲವನ್ನು ನೋಡುತ್ತದೆ. ಕೆಳಗಿರುವುದು ನಾನೂರೈವತ್ತು ಐನೂರು ಕಿಲೋ ತೂಕದ, ತನ್ನದೇ ಮನಸ್ಸುಳ್ಳ ಜೀವ. ಎಂಟು ವರ್ಷದ ಮಗು ಇದನ್ನೆಲ್ಲ ಲೆಕ್ಕ ಹಾಕುವುದಿಲ್ಲ. ನಾವು ಹಾಕುತ್ತೇವೆ. ಕೈ ಮುರಿದರೆ ಕಚೇರಿಯ ಕೆಲಸವೇನು, ಮನೆಯಲ್ಲಿರುವ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವವರು ಯಾರು, ತಿಂಗಳ ಕಂತು ಕಟ್ಟುವುದು ಹೇಗೆ ಎಂಬ ಯೋಚನೆಗಳು ಒಂದು ಕ್ಷಣದಲ್ಲಿ ತಲೆಯೊಳಗೆ ಹಾದುಹೋಗುತ್ತವೆ. ಇದನ್ನು ಹೇಡಿತನವೆಂದು ಕರೆಯುವುದು ಅನ್ಯಾಯ. ನಲವತ್ತು ವರ್ಷ ಬದುಕಿ, ಜವಾಬ್ದಾರಿಗಳನ್ನು ಹೊತ್ತವರ ಬುದ್ಧಿ ಮಾಡಬೇಕಾದ ಕೆಲಸವನ್ನೇ ಅದು ಮಾಡುತ್ತಿದೆ. ಬುದ್ಧಿ ಕೇಳುವ ಪ್ರಶ್ನೆಯೂ ಸರಿಯಾದದ್ದೇ: ‘ಈ ಪ್ರಾಣಿ ಹೀಗೆ ಮಾಡಿದರೆ ನೀನು ಏನು ಮಾಡುತ್ತೀಯೆ?’ ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿಲ್ಲದಿರುವುದೇ ಭಯ. ಒಂದೊಂದೇ ಉತ್ತರ ಕೈಗೆ, ಕಾಲಿಗೆ, ಸೊಂಟಕ್ಕೆ ಬರುತ್ತಾ ಹೋಗುವುದೇ ಭರವಸೆ ಎಂಬುದು ನನ್ನ ನಂಬಿಕೆ.

ಇನ್ನೊಂದು ಕಾರಣವೂ ಉಂಟು. ನಾವು ಸೈಕಲ್ ಕಲಿಯುವ ಮೊದಲೇ ಬೀದಿಯಲ್ಲಿ ನೂರಾರು ಜನ ಕಲಿತದ್ದನ್ನು ಕಂಡಿರುತ್ತೇವೆ. ಚಿಕ್ಕಪ್ಪ ಹಿಡಿದುಕೊಂಡು ಓಡಿದ್ದು, ಅಣ್ಣ ಬಿದ್ದು ಮಂಡಿ ತರಚಿಕೊಂಡು ಮರುದಿನ ಮತ್ತೆ ಹತ್ತಿದ್ದು ಎಲ್ಲವೂ ನೆನಪಿನಲ್ಲಿರುತ್ತದೆ. ಕುದುರೆಯ ವಿಷಯದಲ್ಲಿ ನಮಗೆ ಅಂಥ ನೆನಪುಗಳಿಲ್ಲ. ಕರ್ನಾಟಕಕ್ಕೆ ಕುದುರೆ ಹೊಸದೇನಲ್ಲ; ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಷ್ಟು ಹಳೆಯದು. ಆದರೆ ಕುದುರೆಯಿದ್ದದ್ದು ಅರಮನೆಯಲ್ಲಿ, ಸೈನ್ಯದಲ್ಲಿ, ಪೊಲೀಸರಲ್ಲಿ, ರೇಸ್ ಮೈದಾನದಲ್ಲಿ, ಜಟಕಾ ಗಾಡಿಯ ಮುಂದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅತ್ತೆ ಸವಾರಿ ಕಲಿತದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು 1977ರಲ್ಲಿ, ಒಂದು ಕೆಲಸ ನನ್ನಿಂದ ಸಾಧ್ಯ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ವಿವರಿಸಿದರು. ನಮ್ಮಂಥವರೇ ಆ ಕೆಲಸ ಮಾಡುವುದನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು, ನಮ್ಮ ದೇಹದ ಸ್ಥಿತಿ ಇವೆಲ್ಲ ಅದಕ್ಕೆ ಆಧಾರವಾಗುತ್ತವೆ. ಆದರೆ ಎಲ್ಲಕ್ಕಿಂತ ಬಲವಾದ ಆಧಾರವೆಂದರೆ ನಾವೇ ಆ ಕೆಲಸವನ್ನು ಮಾಡಿ ಮುಗಿಸಿದ ಅನುಭವ ಎಂದು ಅವರು ಹೇಳಿದರು. ‘ಹೆದರಬೇಡಿ’ ಎಂಬ ಮಾತಿಗೆ ಬಲ ಕಡಿಮೆಯಾಗಿರುವುದು ಇದೇ ಕಾರಣಕ್ಕೆ. ಮಾಡಿ ಮುಗಿಸಬಹುದಾದಷ್ಟು ಚಿಕ್ಕ ಕೆಲಸವೊಂದನ್ನು ಕೈಗೆ ಕೊಡುವ ಶಿಕ್ಷಕರು ನೂರು ಸಲ ಧೈರ್ಯ ಹೇಳುವ ಶಿಕ್ಷಕರಿಗಿಂತ ಹೆಚ್ಚು ಉಪಕಾರ ಮಾಡುತ್ತಾರೆ.

ಈಗ ಕುದುರೆಯ ಕಡೆಯಿಂದ ನೋಡೋಣ. ಈ ಭಾಗವನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಭಯದ ಅರ್ಧ ಭಾಗ ಕರಗಿದ್ದು ಇಲ್ಲಿಯೇ.

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಬಯಲಿನಲ್ಲಿ ಮೇಯುತ್ತಾ, ಅಪಾಯದ ಸುಳಿವು ಸಿಕ್ಕೊಡನೆ ಮೊದಲು ಓಡಿ ಆಮೇಲೆ ತಿರುಗಿ ನೋಡಿದ ಕುದುರೆಗಳ ಸಂತತಿಯೇ ಇಂದು ಉಳಿದಿರುವುದು. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ಮುಂದಿನ ಒಂದಿಷ್ಟು ಜಾಗ ಮತ್ತು ಬಾಲದ ಹಿಂದಿನ ಒಂದಿಷ್ಟು ಜಾಗ. ಬಾಲದ ಹಿಂದೆ ಸದ್ದಿಲ್ಲದೆ ಹೋಗಬೇಡಿ ಎಂದು ಲಾಯದಲ್ಲಿ ಹೇಳುವುದಕ್ಕೆ ಇದೇ ಕಾರಣ. ಕಾಣದ ಕಡೆಯಿಂದ ಏನೋ ಮುಟ್ಟಿದರೆ ಅದು ಒದೆಯುವುದರಲ್ಲಿ ದ್ವೇಷವೇನೂ ಇಲ್ಲ. ನಿನ್ನೆಯವರೆಗೂ ಇರದಿದ್ದ ನೀಲಿ ಟಾರ್ಪಾಲು ಬೇಲಿಯ ಮೇಲೆ ಪಟಪಟ ಎಂದರೆ ಅದು ಪಕ್ಕಕ್ಕೆ ಹಾರುವುದೂ ನಮ್ಮನ್ನು ಬೀಳಿಸುವುದಕ್ಕಲ್ಲ. ಈ ತಿಳಿವಳಿಕೆ ಬಂದ ಮೇಲೆ ಕುದುರೆಯ ನಡವಳಿಕೆ ನಮಗೆ ಮೊದಲೇ ಓದಲು ಸಿಗುವ ಸಂಗತಿಯಾಗುತ್ತದೆ. ಎರಡೂ ಕಿವಿ ಮುಂದಕ್ಕೆ ನೆಟ್ಟರೆ ಮುಂದೆ ಏನನ್ನೋ ಗಮನಿಸುತ್ತಿದೆ; ಒಂದು ಕಿವಿ ಹಿಂದಕ್ಕೆ ತಿರುಗಿದರೆ ನಿಮ್ಮನ್ನು ಆಲಿಸುತ್ತಿದೆ; ಎರಡೂ ಕಿವಿ ಹಿಂದಕ್ಕೆ ಮಲಗಿ ಕತ್ತಿಗೆ ಅಂಟಿದರೆ ಸಿಟ್ಟಾಗಿದೆ. ಟಾರ್ಪಾಲಿನ ಹತ್ತು ಹೆಜ್ಜೆ ಮುಂಚೆಯೇ ಕಿವಿ ಅದನ್ನು ಹೇಳಿರುತ್ತದೆ. ನಾವು ಕುದುರೆಯ ಹೆಗಲನ್ನೋ ನಮ್ಮ ಕೈಯನ್ನೋ ನೋಡುತ್ತಾ ಕುಳಿತಿದ್ದರೆ ಆ ಹೇಳಿಕೆ ನಮಗೆ ಕಾಣುವುದಿಲ್ಲ.

ಇನ್ನು, ನಾವು ಅದನ್ನು ಓದುವುದಕ್ಕಿಂತ ಹೆಚ್ಚು ಚೆನ್ನಾಗಿ ಅದು ನಮ್ಮನ್ನು ಓದುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆಯೊಂದು ಲೆಕ್ಕ ಮಾಡುತ್ತದೆಂದು ಪ್ರಸಿದ್ಧವಾಗಿತ್ತು. ಪ್ರಶ್ನೆ ಕೇಳಿದರೆ ಅದು ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕ ಪರೀಕ್ಷಿಸಿ 1907ರಲ್ಲಿ ಕಂಡುಕೊಂಡದ್ದೇನೆಂದರೆ, ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ, ಮೈ ತಮಗರಿವಿಲ್ಲದೆಯೇ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಜನ ಇದನ್ನು ಕುದುರೆಯ ಸೋಲೆಂದು ಹೇಳುತ್ತಾರೆ. ಸವಾರರಾದ ನಮಗೆ ಇದು ಅದರ ಅಸಾಧಾರಣ ಸಾಮರ್ಥ್ಯ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನವೂ ಇದೇ ದಿಕ್ಕಿನದು. ಕುದುರೆಯನ್ನು ಹಿಡಿದು ನಡೆಸುವವರಿಗೂ ಸವಾರಿ ಮಾಡುವವರಿಗೂ, ಈ ಸುತ್ತಿನಲ್ಲಿ ಒಂದು ಕಡೆ ಕೊಡೆ ಫಕ್ಕನೆ ಬಿಚ್ಚಿಕೊಳ್ಳುತ್ತದೆ ಎಂದು ಹೇಳಲಾಗಿತ್ತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಅವರ ಜೊತೆಗಿದ್ದ ಕುದುರೆಗಳ ಎದೆಬಡಿತವೂ ಏರಿತು.

ಇದನ್ನು ಕೇಳಿ ಕೆಲವರು ಇನ್ನಷ್ಟು ಗಾಬರಿಯಾಗುತ್ತಾರೆ: ಹಾಗಾದರೆ ನನ್ನ ಭಯ ಅದಕ್ಕೆ ತಿಳಿದುಬಿಡುತ್ತದೆ, ನನ್ನ ಕಥೆ ಮುಗಿಯಿತು ಎಂದು. ದಯವಿಟ್ಟು ಹಾಗೆ ಅರ್ಥ ಮಾಡಿಕೊಳ್ಳಬೇಡಿ. ಕುದುರೆ ಓದುವುದು ನಮ್ಮ ಮೈಯನ್ನು. ಮನಸ್ಸಿನ ಭಯವನ್ನು ಅಪ್ಪಣೆ ಕೊಟ್ಟು ಓಡಿಸಲು ಆಗುವುದಿಲ್ಲ. ಮೈಯ ಬಿಗಿತವನ್ನು ಒಂದೊಂದಾಗಿ ಬಿಡಿಸಲು ಆಗುತ್ತದೆ. ಹೆದರಿದಾಗ ನಮ್ಮ ದೇಹದಲ್ಲಿ ಏನಾಗುತ್ತದೆ ನೋಡಿ. ಉಸಿರು ನಿಲ್ಲುತ್ತದೆ. ಉಸಿರು ನಿಂತೊಡನೆ ಸೊಂಟ ಬಿಗಿಯುತ್ತದೆ, ತೊಡೆ ಜೀನನ್ನು ಕಚ್ಚುತ್ತದೆ, ಮಂಡಿ ಮೇಲೇರುತ್ತದೆ, ಹಿಮ್ಮಡಿ ಮೇಲೆದ್ದು ಕುದುರೆಯ ಪಕ್ಕೆಗೆ ಒತ್ತುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಕೈ ಲಗಾಮನ್ನು ಎಳೆದುಕೊಳ್ಳುತ್ತದೆ. ಕುದುರೆಯ ಭಾಷೆಯಲ್ಲಿ ಪಕ್ಕೆ ಒತ್ತಿದರೆ ‘ಮುಂದೆ ಹೋಗು’ ಎಂದರ್ಥ, ಲಗಾಮು ಎಳೆದರೆ ‘ನಿಲ್ಲು’ ಎಂದರ್ಥ. ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡ ಕುದುರೆ ತಲೆ ಕೊಡವುತ್ತದೆ, ಅಡ್ಡಡ್ಡ ಹೋಗುತ್ತದೆ. ಅದನ್ನು ಕಂಡು ನಾವು ಇನ್ನಷ್ಟು ಬಿಗಿಯುತ್ತೇವೆ. ಹೊಸ ಸವಾರರು ‘ಈ ಕುದುರೆ ಮೊಂಡು’ ಎಂದು ದೂರುವ ಎಷ್ಟೋ ಸಂದರ್ಭಗಳಲ್ಲಿ ನಡೆಯುತ್ತಿರುವುದು ಇದೇ.

ಈ ಸರಪಳಿಯನ್ನು ಕಡಿಯಲು ಅತ್ಯಂತ ಸುಲಭವಾದ ಕೊಂಡಿ ಉಸಿರು. ‘ಉಸಿರು ಬಿಡಿ’ ಎಂದು ಹೇಳಿದರೆ ಹೊಸಬರು ಒಂದು ಸಲ ಬಿಟ್ಟು ಮತ್ತೆ ಹಿಡಿದುಕೊಳ್ಳುತ್ತಾರೆ. ಆದ್ದರಿಂದ ನಾನು ಮಗ್ಗಿ ಹೇಳಿಸುತ್ತೇನೆ. ಗಟ್ಟಿಯಾಗಿ ಮಾತನಾಡುವವರು ಉಸಿರು ಹಿಡಿದಿಟ್ಟುಕೊಳ್ಳಲು ಸಾಧ್ಯವೇ ಇಲ್ಲ. ಹದಿಮೂರರ ಮಗ್ಗಿಯಾದರೆ ಮನಸ್ಸಿಗೂ ಸ್ವಲ್ಪ ಕೆಲಸ ಸಿಗುತ್ತದೆ. ದೇವರ ನಾಮ ಹಾಡುವವರಿದ್ದಾರೆ, ಶಾಲೆಯಲ್ಲಿ ಕಂಠಪಾಠ ಮಾಡಿದ ಪದ್ಯ ಹೇಳುವವರಿದ್ದಾರೆ, ಯಾವುದಾದರೂ ಸರಿ. ಉಸಿರಿನ ನಂತರ ಕಣ್ಣು. ತಲೆ ಬಗ್ಗಿಸಿ ನೆಲ ನೋಡಿದರೆ ಬೆನ್ನು ಗೂನಾಗುತ್ತದೆ, ತೂಕ ಮುಂದಕ್ಕೆ ಜಾರುತ್ತದೆ. ಅಖಾಡದ ಆಚೆಗಿರುವ ಒಂದು ಮರವನ್ನು ಗುರುತಿಟ್ಟುಕೊಂಡು ಅದನ್ನೇ ನೋಡುತ್ತಾ ಸಾಗಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರ ಗೆರೆಯಲ್ಲಿ ನಿಲ್ಲುವುದು ಎಷ್ಟೋ ಸುಲಭವಾಗುತ್ತದೆ.

ಆದರೆ ಇದೆಲ್ಲ ಜೀನಿನ ಮೇಲೆ ಕುಳಿತ ನಂತರದ ಮಾತು. ವಯಸ್ಕರ ಭರವಸೆ ಶುರುವಾಗಬೇಕಾದದ್ದು ನೆಲದ ಮೇಲೆ, ಲಾಯದೊಳಗೆ. ಇದನ್ನು ನನಗೆ ಕಲಿಸಿದವರು ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯರು. ಹತ್ತುಕಟ್ಟೆಯ ಮೇಲೆ ನಾನು ಕಲ್ಲಾಗಿ ನಿಂತ ಎರಡನೆಯ ಭಾನುವಾರ ಅವರು ಹತ್ತಿರ ಬಂದು, ‘ಅಮ್ಮಾ, ಇವತ್ತು ಹತ್ತೋದು ಬೇಡ. ಬನ್ನಿ, ಇವಳ ಮೈ ಉಜ್ಜಿ’ ಎಂದರು. ಇವಳೆಂದರೆ ಲಾಯದಲ್ಲಿ ಎಲ್ಲರೂ ಕೆಂಚಿ ಎಂದು ಕರೆಯುತ್ತಿದ್ದ, ರೇಸಿನಿಂದ ನಿವೃತ್ತಿಯಾಗಿದ್ದ ಕೆಂಪು ಬಣ್ಣದ ಹೆಣ್ಣು ಕುದುರೆ. ಬೇಯಿಸಿದ ಹುರಳಿಯ ವಾಸನೆ, ಒಣಹುಲ್ಲಿನ ವಾಸನೆ, ಎಣ್ಣೆ ಹಾಕಿದ ಚರ್ಮದ ವಾಸನೆ ಎಲ್ಲ ಬೆರೆತಿದ್ದ ಆ ನೆರಳಿನಲ್ಲಿ ಅವರು ನನ್ನ ಕೈಗೆ ರಬ್ಬರಿನ ಹಲ್ಲುಗಳಿದ್ದ ಒಂದು ಬ್ರಷ್ ಕೊಟ್ಟು, ಕತ್ತಿನ ಮೇಲೆ ದುಂಡಗೆ ಉಜ್ಜುವುದನ್ನು ತೋರಿಸಿದರು. ಒಂದು ನೊಣ ಕೂತರೂ ಅಷ್ಟೇ ಜಾಗದ ಚರ್ಮವನ್ನು ಅದುರಿಸಿ ಓಡಿಸುವ ಪ್ರಾಣಿ ಅದು. ನನ್ನ ಕೈ ಅಂಜುತ್ತಾ ಮೆಲ್ಲಗೆ ಸೋಕಿದಾಗ ಚರ್ಮ ಹಾಗೆಯೇ ಅದುರಿತು. ‘ಹಂಗೆ ಕಚಗುಳಿ ಇಡ್ಬೇಡಿ, ಒತ್ತಿ’ ಎಂದರು. ಒತ್ತಿ ಉಜ್ಜಿದೆ. ಧೂಳು ಎದ್ದಿತು. ಹೆಗಲ ಮುಂದೆ ಅಯಾಲಿನ ಬುಡದಲ್ಲಿ ಉಜ್ಜುವಾಗ ಕೆಂಚಿಯ ಕೆಳತುಟಿ ಸಡಿಲವಾಗಿ ಜೋತುಬಿತ್ತು, ತಲೆ ಇಳಿಯಿತು, ಒಂದು ಹಿಂಗಾಲಿನ ಗೊರಸು ತುದಿಯ ಮೇಲೆ ನಿಂತು ವಿಶ್ರಾಂತಿಗೆ ಬಂತು. ನಾನು ಮಾಡಿದ ಒಂದು ಕೆಲಸಕ್ಕೆ ಕುದುರೆ ಕೊಟ್ಟ ಮೊದಲ ಉತ್ತರ ಅದು. ಅಂದು ನಾನು ಹತ್ತಲಿಲ್ಲ. ಆದರೆ ಮನೆಗೆ ಹೋಗುವಾಗ ನನಗೆ ಏನೋ ಬರುತ್ತಿತ್ತು. ಹಿಂದಿನ ವಾರ ಬಾರದಿದ್ದ ಏನೋ.

ಆಮೇಲಿನ ವಾರಗಳಲ್ಲಿ ಕಾಲೆತ್ತಿಸಿ ಗೊರಸಿನ ಮಣ್ಣು ತೆಗೆಯುವುದು, ತಲೆಗೆ ಕಡಿವಾಣ ತೊಡಿಸುವುದು, ಜೀನಿನ ಹೊಟ್ಟೆಪಟ್ಟಿ ಬಿಗಿಯುವುದು, ಪಕ್ಕದಲ್ಲಿ ನಡೆಸಿಕೊಂಡು ಹೋಗಿ ನಿಲ್ಲಿಸುವುದು, ಎರಡು ಹೆಜ್ಜೆ ಹಿಂದಕ್ಕೆ ಸರಿಸುವುದು ಇವೆಲ್ಲ ಬಂದವು. ಕೆಲವು ಕುದುರೆಗಳು ಪಟ್ಟಿ ಬಿಗಿಯುವಾಗ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಐದು ನಿಮಿಷದ ನಂತರ ನೋಡಿದರೆ ಪಟ್ಟಿ ಸಡಿಲವಾಗಿರುತ್ತದೆ; ಹತ್ತುವ ಮೊದಲು ಇನ್ನೊಮ್ಮೆ ಬೆರಳು ತೂರಿಸಿ ನೋಡಬೇಕು. ಆ ಪಟ್ಟಿಯನ್ನು ಬೇರೆಯವರು ಕಟ್ಟಿದ್ದಾಗ ನನ್ನ ಮನಸ್ಸು ‘ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ’ ಎಂದು ಪಾಠದುದ್ದಕ್ಕೂ ಕೇಳುತ್ತಿತ್ತು. ನಾನೇ ನೋಡಿದ ದಿನ ಆ ಪ್ರಶ್ನೆ ಏಳಲಿಲ್ಲ. ನಗರದ ಅನೇಕ ಶಾಲೆಗಳಲ್ಲಿ ಕುದುರೆಯನ್ನು ಸಜ್ಜುಗೊಳಿಸಿ ತಂದು ನಿಲ್ಲಿಸಿರುತ್ತಾರೆ, ನಾವು ಹತ್ತಿ ಇಳಿದು ಕಾರಿನಲ್ಲಿ ಹೊರಟುಬಿಡುತ್ತೇವೆ. ಸಮಯ ಉಳಿಸುವ ಈ ಪದ್ಧತಿ ವಯಸ್ಕರ ಭರವಸೆಯ ಅರ್ಧದಷ್ಟನ್ನು ಕಿತ್ತುಕೊಳ್ಳುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಅರ್ಧ ಗಂಟೆ ಮುಂಚೆ ಬಂದು ಮೈ ಉಜ್ಜಲು ಅವಕಾಶ ಕೊಡಿ ಎಂದು ಕೇಳಿ. ಬಹುತೇಕ ಕಡೆ ಯಾರೂ ಬೇಡವೆನ್ನುವುದಿಲ್ಲ.

ನೆಲದ ಮೇಲಿನ ತಯಾರಿ ಹೊಸಬರಿಗೆ ಮಾತ್ರ ಎಂದು ಭಾವಿಸಬೇಡಿ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್ ಎಂಬ ಸವಾರಿ ಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ನಿಮಗೆ ಗೊತ್ತು. ಆ ಸ್ಪರ್ಧೆಯಲ್ಲಿ ಬಯಲಿನ ಅಡೆತಡೆಗಳನ್ನು ಕುದುರೆಯೊಡನೆ ಹಾರಿಹೋಗುವ ಭಾಗವೊಂದಿದೆ. ಓಟಕ್ಕೆ ಮೊದಲು ಸವಾರರು ಆ ಇಡೀ ದಾರಿಯನ್ನು ಕಾಲ್ನಡಿಗೆಯಲ್ಲಿ, ಒಂದಕ್ಕಿಂತ ಹೆಚ್ಚು ಸಲ ನಡೆದು ನೋಡುತ್ತಾರೆ. ಎಲ್ಲಿ ತಿರುಗಬೇಕು, ಯಾವ ತಡೆಯ ಮುಂದೆ ಎಷ್ಟು ಹೆಜ್ಜೆ, ಎಲ್ಲಿ ನೆಲ ಮೆತ್ತಗಿದೆ ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಕುದುರೆಗೆ ಆ ದಾರಿಯನ್ನು ಮೊದಲೇ ತೋರಿಸುವಂತಿಲ್ಲ. ಹಾಗಾಗಿ ಇಬ್ಬರ ಪರವಾಗಿಯೂ ಸವಾರರೇ ತಿಳಿದಿರಬೇಕು. ಅಷ್ಟು ನುರಿತವರೇ ಹೀಗೆ ಮಾಡುತ್ತಾರೆಂದ ಮೇಲೆ, ನಾವು ಪಾಠಕ್ಕೆ ಮುಂಚೆ ಖಾಲಿ ಅಖಾಡದಲ್ಲಿ ಒಂದು ಸುತ್ತು ನಡೆದು, ಮೂಲೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಚೀಲವನ್ನೂ ಬೇಲಿಯಾಚೆಯ ನಾಯಿಯನ್ನೂ ಗಮನಿಸಿಕೊಳ್ಳುವುದರಲ್ಲಿ ಸಂಕೋಚವೇಕೆ?

ಜೀನಿನ ಮೇಲೆ ಮೊದಲ ಹಲವು ಪಾಠಗಳು ಉದ್ದಹಗ್ಗದಲ್ಲಿ ಆಗಬೇಕು. ಶಿಕ್ಷಕರು ನಡುವೆ ನಿಂತು ಹಗ್ಗದ ತುದಿ ಹಿಡಿದಿರುತ್ತಾರೆ, ಕುದುರೆ ಅವರ ಸುತ್ತ ವೃತ್ತದಲ್ಲಿ ಸಾಗುತ್ತದೆ. ನಿಲ್ಲಿಸುವ, ತಿರುಗಿಸುವ ಹೊಣೆ ಅವರದು, ಕುಳಿತುಕೊಳ್ಳುವ ಹೊಣೆ ಮಾತ್ರ ನಮ್ಮದು. ನಮ್ಮಲ್ಲಿ ವಯಸ್ಕರು ಇದನ್ನು ಮಕ್ಕಳ ಪಾಠವೆಂದು ನಾಚಿಕೊಳ್ಳುವುದನ್ನು ನೋಡಿದ್ದೇನೆ. ವಿಯೆನ್ನಾದಲ್ಲಿ ಹದಿನಾರನೆಯ ಶತಮಾನದಿಂದ ನಡೆದುಬಂದಿರುವ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಸೇರುವ ಅಭ್ಯರ್ಥಿಗಳು ರಿಕಾಪೂ ಇಲ್ಲದೆ, ಲಗಾಮೂ ಇಲ್ಲದೆ ಬಹಳ ಕಾಲ ಇದೇ ಉದ್ದಹಗ್ಗದ ಮೇಲೆ ಕಳೆಯುತ್ತಾರೆ. ಜಗತ್ತಿನ ಅತ್ಯಂತ ನಾಜೂಕಿನ ಸವಾರಿ ತಯಾರಾಗುವುದೇ ಅಲ್ಲಿ.

ಹಗ್ಗದ ಮೇಲೆ ನಡಿಗೆ ಮೊದಲು. ಕುದುರೆಯ ನಡಿಗೆಗೆ ನಾಲ್ಕು ಪೆಟ್ಟು. ಕಣ್ಣು ಮುಚ್ಚಿ ಕುಳಿತು, ಯಾವ ಹಿಂಗಾಲು ನೆಲಕ್ಕೆ ತಾಗಿತೆಂಬುದನ್ನು ಸೊಂಟದಿಂದಲೇ ತಿಳಿದು ‘ಎಡ, ಬಲ’ ಎಂದು ಹೇಳುವ ಅಭ್ಯಾಸ ಮಾಡಿ. ಇದು ಬಂದ ದಿನ ಕುದುರೆಯ ಮೇಲೆ ಹೊರೆಯಂತೆ ಇರುವ ಭಾವನೆ ಹೋಗುತ್ತದೆ. ಆಮೇಲೆ ಟ್ರಾಟ್. ನಮ್ಮ ಹಳೆಯ ಮಾತಿನಲ್ಲಿ ಕುಕ್ಕುಲೋಟ ಎನ್ನುವುದು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಮೂಲೆಗೆ ಮೂಲೆಯ ಎರಡೆರಡು ಕಾಲು ಒಟ್ಟಿಗೆ ಬೀಳುವ ಎರಡು ಪೆಟ್ಟಿನ ಓಟವಾದ್ದರಿಂದ ಅದು ಸವಾರರನ್ನು ಮೇಲಕ್ಕೆಸೆಯುತ್ತದೆ. ಒಂದು ಪೆಟ್ಟಿಗೆ ಏಳುವುದು, ಇನ್ನೊಂದಕ್ಕೆ ಕೂರುವುದು. ವೃತ್ತದ ಹೊರಬದಿಯ ಹೆಗಲು ಮುಂದೆ ಹೋದಾಗ ಏಳುವುದು. ಏಳುವುದು ನಮ್ಮ ಬಲದಿಂದಲ್ಲ, ಕುದುರೆಯೇ ಎಸೆಯುತ್ತದೆ, ನಾವು ಒಪ್ಪಿಕೊಂಡರೆ ಸಾಕು. ಈ ಲಯ ಸಿಗದಿರುವಾಗ ಲಗಾಮನ್ನು ಹಿಡಿದು ಜೋತುಬೀಳಬೇಡಿ. ಅದರ ಇನ್ನೊಂದು ತುದಿ ಕುದುರೆಯ ಬಾಯಲ್ಲಿದೆ. ಕೊರಳಿಗೊಂದು ಚರ್ಮದ ಪಟ್ಟಿ ಕಟ್ಟಿಸಿಕೊಂಡು ಅದನ್ನು ಹಿಡಿಯಿರಿ. ಅದರಲ್ಲಿ ಅವಮಾನವೇನಿಲ್ಲ.

ಇನ್ನು ಬೀಳುವ ಮಾತು. ನಾನೂ ಬಿದ್ದಿದ್ದೇನೆ. ನಾನು ಮೊದಲು ಸೇರಿದ್ದ ಶಾಲೆಯಲ್ಲಿ, ಲಾಯದ ಆ ಹಿರಿಯರು ರಜೆಯಲ್ಲಿದ್ದ ಒಂದು ವಾರ, ಶಿಕ್ಷಕರು ನನ್ನನ್ನು ಹಗ್ಗದಿಂದ ಬಿಡಿಸಿ, ಆರು ತಿಂಗಳಿಂದ ಕಲಿಯುತ್ತಿದ್ದವರ ಗುಂಪಿನ ಕೊನೆಗೆ ಸೇರಿಸಿದರು. ಮುಂದಿನ ಕುದುರೆಗಳು ಓಡಿದವು, ನನ್ನದೂ ಓಡಿತು. ನಾನು ಹೇಳದೆಯೇ ಓಡಿತು ಎಂಬುದೇ ಮುಖ್ಯ. ಮೂಲೆಯಲ್ಲಿ ಅದು ಎಡಕ್ಕೆ ಹೋಯಿತು, ನಾನು ನೇರಕ್ಕೆ ಹೋದೆ. ಮೂಳೆ ಮುರಿಯಲಿಲ್ಲ. ‘ಬಿದ್ದ ಕೂಡಲೇ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಭಯ ಕೂತುಬಿಡುತ್ತದೆ’ ಎಂದು ಅವರು ನನ್ನನ್ನು ಹತ್ತಿಸಿದರು. ಕೈಕಾಲು ನಡುಗುತ್ತಿದ್ದ ಆ ಹತ್ತು ನಿಮಿಷಗಳ ನೆನಪೇ ನನ್ನನ್ನು ಮುಂದಿನ ಐದು ವಾರ ಮನೆಯಲ್ಲಿ ಕೂರಿಸಿತು. ಬಿದ್ದ ನೆನಪು ಅಷ್ಟು ಕಾಡಲಿಲ್ಲ. ಈ ಗಾದೆಯಂಥ ಮಾತನ್ನು ನಾನು ಒಪ್ಪುವುದಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ, ಒಂದು ಕ್ಷಣ ಮಂಕು ಕವಿದಿದ್ದರೂ, ಅಂದು ಹತ್ತಲೇಬಾರದು. ವೈದ್ಯರನ್ನು ಕಾಣಬೇಕು, ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಬೇಕು. ಪೆಟ್ಟಾಗದಿದ್ದರೂ, ಹತ್ತಬೇಕೋ ಬೇಡವೋ ಎಂಬುದು ಬಿದ್ದವರ ನಿರ್ಧಾರ. ಕುದುರೆಯನ್ನು ನಡೆಸಿಕೊಂಡು ಲಾಯಕ್ಕೆ ಹೋಗಿ, ಜೀನು ಬಿಚ್ಚಿ, ನೀರು ಕುಡಿಸಿ ಮನೆಗೆ ಹೋದರೂ ಆ ದಿನವನ್ನು ನೀವೇ ಪೂರ್ತಿ ಮಾಡಿದಂತಾಯಿತು.

ಐದು ವಾರಗಳ ನಂತರ ನಾನು ಬೇರೊಂದು ಕಡೆ ಸೇರಿದೆ. ಅಲ್ಲಿನ ಶಿಕ್ಷಕಿ ಮೊದಲ ದಿನ ಕಲಿಸಿದ್ದು ಇಳಿಯುವುದನ್ನು. ನಿಂತ ಕುದುರೆಯ ಮೇಲೆ ಎರಡೂ ಕಾಲನ್ನು ರಿಕಾಪಿನಿಂದ ತೆಗೆದು, ಕೈಯನ್ನು ಅದರ ಕತ್ತಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಬಲಗಾಲನ್ನು ಹಿಂದಿನಿಂದ ಬೀಸಿ, ಮಂಡಿ ಮಡಿಸಿಕೊಂಡು ನೆಲಕ್ಕಿಳಿಯುವುದು. ಇಪ್ಪತ್ತು ಸಲ ಮಾಡಿಸಿದರು. ಆಮೇಲೆ ನಡಿಗೆಯಲ್ಲಿ ಮಾಡಿಸಿದರು. ಮುಂದಿನ ವಾರ, ಕುದುರೆ ಬೆದರಿ ಓಡಿದರೆ ಎರಡೂ ಲಗಾಮು ಹಿಡಿದು ಜಗ್ಗುವ ಬದಲು ಒಂದೇ ಬದಿಯ ಲಗಾಮಿನಿಂದ ದೊಡ್ಡ ವೃತ್ತಕ್ಕೆ ತಿರುಗಿಸಿ, ವೃತ್ತವನ್ನು ಮೆಲ್ಲಗೆ ಕಿರಿದು ಮಾಡುತ್ತಾ ನಿಲ್ಲಿಸುವುದನ್ನು ನಡಿಗೆಯಲ್ಲೇ ಅಭ್ಯಾಸ ಮಾಡಿಸಿದರು. ಆ ಎರಡು ವಾರ ನಾನು ಓಡಲೇ ಇಲ್ಲ. ಆದರೆ ‘ಹೀಗಾದರೆ ಏನು ಮಾಡುತ್ತೀಯೆ?’ ಎಂದು ಒಳಗಿನಿಂದ ಕೇಳುತ್ತಿದ್ದ ಪ್ರಶ್ನೆಗೆ ಮೊದಲ ಬಾರಿಗೆ ನನ್ನಲ್ಲಿ ಉತ್ತರವಿತ್ತು. ಹೊಸಬರ ಮೊದಲ ತಿಂಗಳಲ್ಲೇ ಈ ಎರಡು ಪಾಠಗಳನ್ನು ಕೇಳಿ ಪಡೆಯಿರಿ.

ಶಾಲೆಯನ್ನು ಆರಿಸುವಾಗ ಬಹಳ ಹುಡುಕಾಟ ಬೇಡ, ಕೆಲವೇ ಸಂಗತಿ ನೋಡಿ. ಸೇರುವ ಮೊದಲು ಬೇರೊಬ್ಬ ವಯಸ್ಕರ ಪಾಠವನ್ನು ಬೇಲಿಯ ಹೊರಗೆ ನಿಂತು ನೋಡಲು ಬಿಡುತ್ತಾರೆಯೇ? ನಿಮ್ಮ ತೂಕ, ಎತ್ತರ ಕೇಳಿ ಕುದುರೆ ಕೊಡುತ್ತಾರೆಯೇ? ಎಲ್ಲರ ತಲೆಯ ಮೇಲೂ ಗಲ್ಲದ ಪಟ್ಟಿ ಬಿಗಿದ ಹೆಲ್ಮೆಟ್ ಇದೆಯೇ? ನಮ್ಮ ನಗರಗಳ ಶಾಲೆಗಳಲ್ಲಿ ರೇಸಿನಿಂದ ಬಂದ ಥರೋಬ್ರೆಡ್ ಎಂಬ ತಳಿಯ ಕುದುರೆಗಳು ಬಹಳ. ಚೆನ್ನಾಗಿ ಮರುತರಬೇತಿಯಾದವು ಕೆಂಚಿಯಂತೆ ಅಮ್ಮನಷ್ಟು ಸಮಾಧಾನದವು, ಆಗದವು ಹೊಸಬರಿಗೆ ತಕ್ಕವಲ್ಲ. ಪ್ರತಿ ವಾರ ಕುದುರೆ ಬದಲಾಯಿಸುವುದೂ ಮೊದಲ ಮೂರು ತಿಂಗಳಲ್ಲಿ ಬೇಡ. ನಿಮ್ಮ ಕಾಲಿಗೆ ಸಣ್ಣ ಹಿಮ್ಮಡಿಯಿರುವ, ರಿಕಾಪಿನೊಳಗೆ ಜಾರಿಹೋಗದ ಬೂಟು ಇರಲಿ. ಓಟದ ಶೂ ಬೇಡ.

ವಯಸ್ಸಿನ, ಮೈಬಲದ ಬಗ್ಗೆ ಕೇಳುವವರಿಗೆ ನಾನು ಇಬ್ಬರ ಹೆಸರು ಹೇಳುತ್ತೇನೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಪೋಲಿಯೊಗೆ ತುತ್ತಾಗಿ ಮಂಡಿಯ ಕೆಳಗೆ ಶಕ್ತಿ ಕಳೆದುಕೊಂಡರು. ಕುದುರೆ ಹತ್ತಲು, ಇಳಿಯಲು ಅವರಿಗೆ ಇನ್ನೊಬ್ಬರ ನೆರವು ಬೇಕಿತ್ತು. ಕುದುರೆಯನ್ನು ನಾಜೂಕಾಗಿ ಹೆಜ್ಜೆಹಾಕಿಸಿ ತೋರಿಸುವ ಡ್ರೆಸಾಜ್ ಸ್ಪರ್ಧೆಯಲ್ಲಿ ಮಹಿಳೆಯರಿಗೆ ಮೊದಲ ಸಲ ಅವಕಾಶ ಸಿಕ್ಕ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಪುರುಷರೊಡನೆ ಒಂದೇ ಸ್ಪರ್ಧೆಯಲ್ಲಿ ಅವರು ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೆ ಗೆದ್ದರು. ಜಪಾನಿನ ಹಿರೋಷಿ ಹೊಕೆತ್ಸು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದಾಗ ಅವರಿಗೆ 71 ವರ್ಷ. ಇವರಿಬ್ಬರೂ ವಯಸ್ಕರಾದ ಮೇಲೆ ಮೊದಲಿನಿಂದ ಕಲಿತವರಲ್ಲ, ಆದ್ದರಿಂದ ನಮ್ಮನ್ನು ಅವರಿಗೆ ಹೋಲಿಸಿಕೊಳ್ಳುವಂತಿಲ್ಲ. ನಾನು ಅವರಿಂದ ತೆಗೆದುಕೊಳ್ಳುವುದು ಇಷ್ಟೇ: ಈ ವಿದ್ಯೆ ನಿಂತಿರುವುದು ತೋಳ್ಬಲದ ಮೇಲಲ್ಲ. ಸಮತೋಲ, ಸಮಯಜ್ಞಾನ, ಕುದುರೆಯನ್ನು ಆಲಿಸುವ ತಾಳ್ಮೆ, ಇವುಗಳಲ್ಲಿ ಕೊನೆಯದು ನಮ್ಮ ವಯಸ್ಸಿನವರಿಗೆ ಮಕ್ಕಳಿಗಿಂತ ಹೆಚ್ಚಾಗಿಯೇ ಇರುತ್ತದೆ.

ಕೊನೆಯದಾಗಿ ಪುಟ್ಟದೊಂದು ಅಭ್ಯಾಸ. ನಾನು ಪ್ರತಿ ಪಾಠದ ನಂತರ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯುತ್ತೇನೆ: ಇಂದು ಯಾರ ಸಹಾಯವೂ ಇಲ್ಲದೆ ನಾನೇ ಮಾಡಿದ್ದು. ‘ಹೊಟ್ಟೆಪಟ್ಟಿ ನಾನೇ ನೋಡಿದೆ.’ ‘ಮರದ ಹತ್ತಿರ ನಿಲ್ಲಿಸಿದೆ, ಮೊದಲ ಸಲಕ್ಕೇ ನಿಂತಿತು.’ ‘ಎಂಟು ಸಲ ಎದ್ದು ಕೂತೆ, ಒಂಬತ್ತನೆಯದಕ್ಕೆ ತಪ್ಪಿತು.’ ಬಿದ್ದ ದಿನದ ಪುಟದಲ್ಲೂ ಒಂದು ಸಾಲಿದೆ. ಮುಂದಿನ ವಾರಕ್ಕೆ ಮನಸ್ಸು ಹಿಂಜರಿದಾಗ ಆ ಪುಟಗಳನ್ನು ತಿರುವಿ ನೋಡಿ ಹೊರಡುತ್ತೇನೆ.

ಮಾತು ಮುಗಿಸುವ ಮೊದಲು ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ. ಹತ್ತುಕಟ್ಟೆಯ ಮೇಲೆ ನಿಂತು ಕಾಲು ಏಳದಿದ್ದರೆ ಏನು ಮಾಡಬೇಕು ಎಂದು ಅವರು ಕೇಳಿದರು. ತಾಯಿ, ಎಡಗಾಲನ್ನು ರಿಕಾಪಿನಿಂದ ತೆಗೆದು ಮತ್ತೆ ಕಟ್ಟೆಯ ಮೇಲಿಡಿ. ಕುದುರೆಯ ಕತ್ತಿನ ಮೇಲೆ ಅಂಗೈ ಇಟ್ಟು, ಅದು ಉಸಿರಾಡುವುದು ಕೈಗೆ ತಿಳಿಯುವವರೆಗೆ ನಿಲ್ಲಿ. ಆಮೇಲೆ ಗಟ್ಟಿಯಾಗಿ ಹದಿಮೂರರ ಮಗ್ಗಿ ಶುರುಮಾಡಿ. ಹದಿಮೂರು ನಾಲ್ಕಲಿ ಐವತ್ತೆರಡು ಎನ್ನುವ ಹೊತ್ತಿಗೆ ಕಾಲು ಎದ್ದರೆ ಹತ್ತಿ. ಏಳದಿದ್ದರೆ ಇಳಿದು ಬನ್ನಿ, ಬ್ರಷ್ ಲಾಯದ ಬಾಗಿಲ ಪಕ್ಕದ ಗೂಟದಲ್ಲಿರುತ್ತದೆ.